ಪರ-ವಿರೋಧ: ಮೈಸೂರಿನ ಪುರಭವನ ಪ್ರವಾಸಿ ತಾಣವಾಗಬೇಕೆ?

ದೊಡ್ಡ ಗಡಿಯಾರದ ಬಳಿ ಇರುವ ರಂಗಾಚಾರ್ಲು ಸ್ಮಾರಕ ಪುರಭವನವನ್ನು ಹಗಲು ಹೊತ್ತಿನಲ್ಲಿ ಟಿಕೆಟ್ ಇಟ್ಟು, ಮಾರ್ಗದರ್ಶಿಗಳನ್ನು ನೇಮಿಸಿ, ಪ್ರವಾಸಿಗರ ವೀಕ್ಷಣೆಗೆ ತೆರೆಯುವುದು ಸರಿಯೇ? ಈ ಪ್ರಶ್ನೆಯನ್ನು ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರ ಮುಂದೆಯೂ ಹವ್ಯಾಸಿ ರಂಗನಟರೊಬ್ಬರ ಮುಂದೆಯೂ ಇಟ್ಟಿದ್ದೆವು. ಒಬ್ಬರ ಬರಹವನ್ನು ಇನ್ನೊಬ್ಬರಿಗೆ ಮೊದಲೇ ತೋರಿಸಿರಲಿಲ್ಲ.

ಪರ: ಮೆಟ್ಟಿಲವರೆಗೆ ಬಂದವರನ್ನು ಒಳಗೂ ಕರೆಯೋಣ

ಈ ಪ್ರಶ್ನೆಗೆ ಪರವಾಗಿ ಬರೆಯಬೇಕೆಂದು ಕೇಳಿದಾಗ, ಪೂರ್ತಿಯಾಗಿ ಪರ ಎನ್ನುವಷ್ಟು ಗಟ್ಟಿಯಾದ ಅಭಿಪ್ರಾಯ ನನಗಿಲ್ಲವೆಂದು ಮೊದಲೇ ತಿಳಿಸಿದ್ದೆ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದವನೆಂಬ ಒಂದೇ ಕಾರಣಕ್ಕೆ ಈ ಹೊಣೆ ನನ್ನ ಹೆಗಲಿಗೆ ಬಂದಿದೆ. ಆ ಮೂವತ್ತು ವರ್ಷಗಳಲ್ಲಿ ದಿನಕ್ಕೆ ಎರಡು ಬಾರಿ ಪುರಭವನದ ಮುಂದಿನಿಂದಲೇ ಓಡಾಡಿದ ನಾನು ಅದರ ಒಳಗೆ ಕಾಲಿಟ್ಟದ್ದು ಹೆಚ್ಚೆಂದರೆ ನಾಲ್ಕು ಬಾರಿ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಾಲ್ಕರಲ್ಲಿ ಎರಡು ಸನ್ಮಾನ ಸಮಾರಂಭಗಳು. ಊರಿನವನಾದ ನನ್ನ ಪಾಡೇ ಹೀಗಿರುವಾಗ ಹೊರಗಿನಿಂದ ಬಂದವರು ಆ ಕಟ್ಟಡವನ್ನು ಅರಮನೆಗೆ ಹೋಗುವ ದಾರಿಯ ಗುರುತು ಎಂದಷ್ಟೇ ತಿಳಿದರೆ ಅವರನ್ನು ದೂರುವಂತಿಲ್ಲ.

ಮೈಸೂರಿಗೆ ಬರುವ ಪ್ರವಾಸಿಯ ಒಂದು ದಿನ ಹೇಗೆ ಕಳೆಯುತ್ತದೆಂಬುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಚಾಮುಂಡಿಬೆಟ್ಟ, ಆಮೇಲೆ ಅರಮನೆ, ಊಟವಾದ ಮೇಲೆ ಮೃಗಾಲಯ, ಸಂಜೆ ಬೃಂದಾವನ. ಈ ದಿನದಲ್ಲಿ ಅವನು ಕಾಣುವುದು ದೇವಿಯನ್ನು, ಅರಸರನ್ನು, ಪ್ರಾಣಿಗಳನ್ನು ಮತ್ತು ಕಾರಂಜಿಯನ್ನು. ಈ ಸಂಸ್ಥಾನದಲ್ಲಿ ಪ್ರಜೆಗಳೂ ಇದ್ದರು, ಅವರ ಮಾತನ್ನು ಸರ್ಕಾರ ಕೂತು ಕೇಳುವ ಏರ್ಪಾಡೊಂದು ಇಂಡಿಯಾದ ಉಳಿದ ಸಂಸ್ಥಾನಗಳಿಗಿಂತ ಮುಂಚೆ ಇಲ್ಲಿ ಆರಂಭವಾಗಿತ್ತು ಎಂಬುದನ್ನು ಅವನಿಗೆ ಹೇಳುವ ಒಂದು ಜಾಗವೂ ಆ ಪಟ್ಟಿಯಲ್ಲಿ ಇಲ್ಲ. ನನ್ನ ವಾದದಲ್ಲಿ ನನಗೆ ನಿಜವಾಗಿ ನಂಬಿಕೆಯಿರುವ ಭಾಗ ಇದೊಂದೇ ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡ ಮೇಲೆ ಐವತ್ತು ವರ್ಷ ಕಮಿಷನರುಗಳೇ ಮೈಸೂರನ್ನು ಆಳಿದರು. 1881ರ ಮಾರ್ಚ್ 25ರಂದು ರಾಜ್ಯವು ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ದಿವಾನರಾಗಿ ನೇಮಕಗೊಂಡವರು ಸಿ. ವಿ. ರಂಗಾಚಾರ್ಲು. ಆಗಿನ್ನೂ 1876ರಿಂದ 78ರವರೆಗಿನ ಭೀಕರ ಬರ ಮುಗಿದು ಮೂರೇ ವರ್ಷವಾಗಿತ್ತು. ಹಳ್ಳಿಗಳು ಬರಿದಾಗಿದ್ದವು, ಬೊಕ್ಕಸದ ಮೇಲೆ ಸಾಲದ ಹೊರೆಯಿತ್ತು. ಇಂಥ ಹೊತ್ತಿನಲ್ಲಿ ದಿವಾನರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ತಾಲ್ಲೂಕುಗಳ ರೈತರನ್ನೂ ವರ್ತಕರನ್ನೂ ದಸರೆಯ ಸಮಯದಲ್ಲಿ ಮೈಸೂರಿಗೆ ಕರೆಸಿ, ಸರ್ಕಾರದ ವರ್ಷದ ಆದಾಯ-ವೆಚ್ಚಗಳನ್ನು ಅವರ ಮುಂದೆ ಓದಿ ಹೇಳಿ, ಅವರ ಅಹವಾಲು ಕೇಳುವ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ್ದು. 1881ರ ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಸದಸ್ಯರನ್ನು ಜನ ಆರಿಸಿಯೂ ಇರಲಿಲ್ಲ ಎಂಬುದು ನಿಜ. ಆದರೆ ದೊರೆಯ ಸರ್ಕಾರವೊಂದು ರೈತನ ಮುಂದೆ ನಿಂತು ಲೆಕ್ಕ ಒಪ್ಪಿಸುವ ದೃಶ್ಯ ಆ ಕಾಲಕ್ಕೆ ಸಣ್ಣದಲ್ಲ.

ರಂಗಾಚಾರ್ಲು ಹೆಚ್ಚು ಕಾಲ ಬದುಕಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರು-ಮೈಸೂರು ರೈಲು ಮೈಸೂರನ್ನು ಮುಟ್ಟಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಮರುವರ್ಷ, ಎಂದರೆ 1884ರಲ್ಲಿ, ಅವರ ನೆನಪಿಗೆಂದು ಎದ್ದದ್ದೇ ಈ ಪುರಭವನ. ಅರಸರಿಗೂ ಅರಸು ಮನೆತನದವರಿಗೂ ಪ್ರತಿಮೆ, ವೃತ್ತ, ಗೋಪುರಗಳು ಎದ್ದಿರುವ ಈ ನಗರದಲ್ಲಿ ಒಬ್ಬ ಅಧಿಕಾರಿಯ ಹೆಸರನ್ನು ಹೊತ್ತು ನಿಂತಿರುವ ಹಳೆಯ ಕಟ್ಟಡಗಳಲ್ಲಿ ಇದು ಮುಖ್ಯವಾದುದು.

ಕೆಲವು ವರ್ಷಗಳ ಹಿಂದೆ ದಸರೆಯ ಪಾರಂಪರಿಕ ನಡಿಗೆಗೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ನಡಿಗೆ ಹೊರಡುವುದು ಪುರಭವನದ ಮುಂದಿನಿಂದಲೇ. ಬೆಳಗಿನ ಏಳು ಗಂಟೆಗೆ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಗುಂಪುಚಿತ್ರ ತೆಗೆಸಿಕೊಂಡು, ಕಟ್ಟಡಕ್ಕೆ ಬೆನ್ನು ತಿರುಗಿಸಿ, ದೊಡ್ಡ ಗಡಿಯಾರದ ಕಡೆಗೆ ಹೊರಟೆವು. ಆಗ ಹುಡುಗಿಯೊಬ್ಬಳು, "ಸರ್, ರಂಗಾಚಾರ್ಲು ಅಂದರೆ ನಾಟಕದವರಾ?" ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದ್ದಲ್ಲ. ಅಲ್ಲಿ ಸದಾ ನಾಟಕಗಳು ನಡೆಯುತ್ತವೆ, ಹೆಸರಿನಲ್ಲಿಯೇ ರಂಗ ಇದೆ. ಅವಳ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಅವಳಿಗೆ ಎರಡು ವರ್ಷ ಪಾಠ ಹೇಳಿದ್ದ ನನ್ನಲ್ಲಿ. ಒಳಗೆ ಒಂದು ಕೋಣೆಯಲ್ಲಿ ನಾಲ್ಕು ಚಿತ್ರ, ಸಭೆಯ ನಡವಳಿಯ ಒಂದೆರಡು ಪುಟ, ಸರಳ ಕನ್ನಡದಲ್ಲಿ ಒಂದು ವಿವರಣೆ ಇದ್ದಿದ್ದರೆ ಆ ಪ್ರಶ್ನೆಗೆ ನಾನು ಉತ್ತರ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಹೊರಗಿನ ಉದಾಹರಣೆಗಳಿಗೆ ಕೊರತೆಯಿಲ್ಲ. ಸ್ಟಾಕ್‌ಹೋಮಿನ ನಗರಸಭಾ ಭವನ 1923ರದು. ಪ್ರತಿವರ್ಷ ಡಿಸೆಂಬರ್ 10ರಂದು ನೊಬೆಲ್ ಔತಣ ನಡೆಯುವುದು ಅಲ್ಲಿಯೇ, ನಗರದ ಸಭೆ ಸೇರುವುದೂ ಅಲ್ಲಿಯೇ, ಪ್ರವಾಸಿಗರು ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆಯುವುದೂ ಅಲ್ಲಿಯೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1871ರಲ್ಲಿ ಆರಂಭಿಸಿ ಮೂವತ್ತು ವರ್ಷ ಕಟ್ಟಿದ ನಗರ ಭವನಕ್ಕೆ 548 ಅಡಿ ಎತ್ತರದ ಗೋಪುರವಿದೆ. ತುದಿಯಲ್ಲಿ ವಿಲಿಯಂ ಪೆನ್ನನ 37 ಅಡಿಯ ಕಂಚಿನ ಪ್ರತಿಮೆ ನಿಂತಿದೆ, ಅದರ ಪಾದದ ಬುಡದವರೆಗೆ ಲಿಫ್ಟ್ ಹೋಗುತ್ತದೆ. ಕೆಳಗೆ ಕಚೇರಿಗಳು ಎಂದಿನಂತೆ ನಡೆಯುತ್ತಲೇ ಇವೆ. ಅಷ್ಟು ದೂರ ಹೋಗುವುದೇಕೆ, ಮುಂಬಯಿಯ ಮಹಾನಗರಪಾಲಿಕೆಯ ಕಟ್ಟಡವನ್ನೇ ನೋಡಬಹುದು. ವಿಕ್ಟೋರಿಯಾ ಟರ್ಮಿನಸ್ಸನ್ನು ಕಟ್ಟಿದ ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸ ಮಾಡಿದ, 1893ರಲ್ಲಿ ಮುಗಿದ ಆ ಕಟ್ಟಡದಲ್ಲಿ 2021ರಿಂದ ವಾರಾಂತ್ಯದ ಪಾರಂಪರಿಕ ನಡಿಗೆಗಳು ಆರಂಭವಾದವು. ವಾರವೆಲ್ಲ ಕಡತ, ಶನಿವಾರ ಭಾನುವಾರ ಪ್ರವಾಸಿ. ನಮ್ಮ ಕಟ್ಟಡ ಇವುಗಳ ಮುಂದೆ ಚಿಕ್ಕದು ಎಂಬುದು ನನಗೂ ಗೊತ್ತು. ಚಿಕ್ಕದಾದ್ದರಿಂದಲೇ ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು.

ಹಣದ ಮಾತನ್ನೂ ಆಡಲೇಬೇಕು. ನಮ್ಮಲ್ಲಿ ಹಳೆಯ ಕಟ್ಟಡಗಳ ಗತಿ ಏನಾಗುತ್ತದೆಂಬುದಕ್ಕೆ ಸಾಕ್ಷಿಗಳು ಪುರಭವನದಿಂದ ಕೂಗಳತೆಯಲ್ಲಿಯೇ ಇವೆ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. ಇವೆರಡೂ ಪಾಳುಬಿದ್ದ ಕಟ್ಟಡಗಳಲ್ಲ, ದಿನವೂ ಸಾವಿರಾರು ಜನ ಬಳಸುತ್ತಿದ್ದವು. ಬಳಸುವವನ ಕಣ್ಣು ತನ್ನ ಕೆಲಸದ ಮೇಲಿರುತ್ತದೆ, ಗೋಡೆಯ ಮೇಲಲ್ಲ. ಗಾರೆ ಕಿತ್ತುಬಂದಿರುವುದು, ತೊಲೆಯಲ್ಲಿ ನೀರು ಇಳಿಯುವುದು ಕಾಣುವುದು ಕಟ್ಟಡವನ್ನೇ ನೋಡಲು ಬಂದವನಿಗೆ. ಟಿಕೆಟ್ಟಿನಿಂದ ಬಂದ ಹಣವನ್ನು ಬೇರೆ ಖಾತೆಯಲ್ಲಿಟ್ಟು ಈ ಕಟ್ಟಡದ ದುರಸ್ತಿಗೇ ಬಳಸುವುದಾದರೆ ಮುಂದೊಂದು ದಿನ ದೊಡ್ಡ ಅನುದಾನಕ್ಕೆ ಕೈಚಾಚುವುದು ತಪ್ಪೀತು. ಇಲ್ಲಿ "ಬಳಸುವುದಾದರೆ" ಎಂಬುದು ದೊಡ್ಡದು ಎಂದು ನನಗೆ ಅರಿವಿದೆ.

ಅಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ತೊಂದರೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಅದು ವೇಳಾಪಟ್ಟಿಯ ಮಾತು, ಕಾರ್ಯಕ್ರಮವಿಲ್ಲದ ದಿನ ತೆರೆದರಾಯಿತು. ಸಭೆ-ಸಮಾರಂಭಗಳಿಗೆ ನಗರದಲ್ಲಿ ಸಭಾಂಗಣಗಳ ಬರವೇನೂ ಇಲ್ಲ. ಜಗನ್ಮೋಹನ ಅರಮನೆಯನ್ನು ನೋಡಿ. 1907ರಲ್ಲಿ ಮೈಸೂರಿನ ನ್ಯಾಯವಿಧಾಯಕ ಸಭೆ, ಎಂದರೆ ಕಾನೂನು ರೂಪಿಸುವ ಸಭೆ, ಮೊದಲು ಸೇರಿದ್ದು ಅಲ್ಲಿ. ಅದೇ ಕಟ್ಟಡದಲ್ಲಿ ಚಿತ್ರಶಾಲೆಯೂ ಇದೆ, ಸಂಗೀತ-ನೃತ್ಯಗಳೂ ನಡೆಯುತ್ತವೆ. ಒಂದು ಮತ್ತೊಂದನ್ನು ನುಂಗಿಲ್ಲ. ಮೈಸೂರಿಗರಿಗೂ ಶಾಲಾ ಮಕ್ಕಳಿಗೂ ಪ್ರವೇಶ ಉಚಿತವಾಗಿರಲಿ, ವಿವರಣೆ ಮೊದಲು ಕನ್ನಡದಲ್ಲಿ ಇರಲಿ, ಚಪ್ಪಲಿ ಬಿಡಿಸುವ ಶಾಸ್ತ್ರ ಬೇಡ. ಇಷ್ಟು ಷರತ್ತುಗಳೊಂದಿಗೆ ನಾನು ಪರ.

ವಿರೋಧ: ಮಾತಾಡುವ ಜಾಗವನ್ನು ನೋಡುವ ಜಾಗ ಮಾಡಬೇಡಿ

ಪರವಾಗಿ ಬರೆಯುವವರು ಯಾರೆಂದು ನನಗೆ ತಿಳಿಸಿಲ್ಲ. ಯಾರೇ ಆಗಿರಲಿ, ವಿದೇಶದ ನಗರಸಭೆಗಳ ಹೆಸರು ಹೇಳದೆ ಬಿಟ್ಟಿರಲಾರರು. ಅಲ್ಲಿ ಗೋಪುರವಿದೆ, ಲಿಫ್ಟ್ ಇದೆ, ಮೇಲೆ ಹತ್ತಿದರೆ ಊರೆಲ್ಲ ಕಾಣುತ್ತದೆ. ನಮ್ಮ ಪುರಭವನದ ಮೇಲೆ ಹತ್ತಿದವನಿಗೆ ಕಾಣುವುದು ಪಕ್ಕದಲ್ಲಿ ವರ್ಷಗಟ್ಟಲೆ ಎಳೆದಾಡಿದ ಬಹುಮಹಡಿ ವಾಹನ ನಿಲ್ದಾಣದ ಕಾಂಕ್ರೀಟು. ಅದನ್ನು ನೋಡಲು ಜರ್ಮನಿಯಿಂದ ಬರುವವರಿದ್ದರೆ ಬರಲಿ.

ನಾನು ಮಳವಳ್ಳಿ ಕಡೆಯ ಹಳ್ಳಿಯವನು, ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಹನ್ನೊಂದು ಬಾರಿ ಮೈಸೂರು ಪುರಭವನದಲ್ಲಿ ಬಣ್ಣ ಹಚ್ಚಿದ್ದೇನೆ. ಕರ್ಣ ಆರು ಸಲ, ವಿದುರ ಮೂರು ಸಲ, ಉಳಿದೆರಡು ಸಲ ಯಾರೂ ಹಿಡಿಯದ ಪಾತ್ರಗಳು. ಈ ಪೀಠಿಕೆ ಏಕೆಂದರೆ, ಪುರಭವನ ಎಂಬ ಮಾತು ಕೇಳಿದೊಡನೆ ನಗರದ ವಿದ್ಯಾವಂತರಿಗೆ ಕಂಬಗಳು ನೆನಪಾಗುತ್ತವೆ, 1884 ನೆನಪಾಗುತ್ತದೆ. ಮಂಡ್ಯ, ಮಳವಳ್ಳಿ, ತಿ. ನರಸೀಪುರ, ನಂಜನಗೂಡಿನ ಹಳ್ಳಿಗಳವರಿಗೆ ನೆನಪಾಗುವುದು ಕುರುಕ್ಷೇತ್ರ ನಾಟಕ.

ಆ ನಾಟಕ ಹೇಗೆ ಆಗುತ್ತದೆಂಬುದನ್ನು ತಿಳಿಯದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ನಟನಿಗೆ ಸಂಬಳ ಕೊಡುವುದಿಲ್ಲ, ನಟನೇ ಪಾತ್ರಕ್ಕೆ ಹಣ ಕಟ್ಟುತ್ತಾನೆ. ದುರ್ಯೋಧನನ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು, ಆಮೇಲೆ ಭೀಮ, ಕೃಷ್ಣ, ಕರ್ಣ, ಅರ್ಜುನ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಸೀನರಿಗೆ, ಬಣ್ಣದವರಿಗೆ, ದ್ರೌಪದಿ-ಕುಂತಿಯರ ಪಾತ್ರಕ್ಕೆ ಬರುವ ಕಲಾವಿದೆಯರಿಗೆ ಮತ್ತು ಹಾಲಿನ ಬಾಡಿಗೆಗೆ ಸಲ್ಲಬೇಕು. ಐದಾರು ತಿಂಗಳು ರಾತ್ರಿ ಹೊತ್ತು ಊರಿನ ರಂಗದ ಮನೆಯಲ್ಲಿ ತಾಲೀಮು. ಕಬ್ಬು ಕಡಿದು ಬಂದವನು, ಹಾಲಿನ ಡೇರಿಯ ಕಾರ್ಯದರ್ಶಿ, ಬಸ್ ಕಂಡಕ್ಟರ್, ರೇಷ್ಮೆಗೂಡಿನ ವ್ಯಾಪಾರಿ ಎಲ್ಲರೂ ಸಾಲಾಗಿ ಕೂತು ಕಂದಪದ್ಯ ಬಾಯಿಪಾಠ ಮಾಡುತ್ತಾರೆ. ಊರಿನಲ್ಲಿ ನಾಟಕ ಇಡೀ ರಾತ್ರಿ. ಪುರಭವನದಲ್ಲಿ ಮಾತ್ರ ಬೆಳಿಗ್ಗೆ ಹತ್ತಕ್ಕೆ ಪರದೆ ಎದ್ದರೆ ಕುರುಕ್ಷೇತ್ರದ ಯುದ್ಧ ಮುಗಿಯುವ ಹೊತ್ತಿಗೆ ಹೊರಗೆ ದೀಪ ಹತ್ತಿರುತ್ತದೆ. ಪ್ರವೇಶ ಎಲ್ಲರಿಗೂ ಉಚಿತ. ಹೊರಗಿನ ಫ್ಲೆಕ್ಸಿನಲ್ಲಿ ಎಲ್ಲ ನಟರ ಮುಖಗಳೂ ಇರುತ್ತವೆ. ಮೊದಲ ಸಲ ಅಲ್ಲಿ ನನ್ನ ಮುಖ ಕಂಡ ದಿನ ನಾನು ಚಹಾ ಕುಡಿಯುವ ನೆಪದಲ್ಲಿ ಅದರ ಮುಂದೆ ನಾಲ್ಕು ಸಲ ಅಡ್ಡಾಡಿದ್ದೆ.

ಒಂದು ದಿನದ ಸಂಗತಿ ಹೇಳುತ್ತೇನೆ. ಆಷಾಢ ಕಳೆದು ಶ್ರಾವಣದ ಮೊದಲ ವಾರ, ಹೊರಗೆ ಜಡಿಮಳೆ. ಕರ್ಣ-ಕುಂತಿಯರ ಭೇಟಿಯ ದೃಶ್ಯ. ಕುಂತಿ ತನ್ನ ಐವರು ಮಕ್ಕಳ ಪ್ರಾಣಭಿಕ್ಷೆ ಕೇಳಿ ಸೆರಗೊಡ್ಡಿ ನಿಂತಿದ್ದಾರೆ, ನಾನು ಹಾಡು ಎತ್ತಬೇಕು. ಎತ್ತಿದ ಮೊದಲ ಸಾಲು ಮುಗಿಯುವ ಮೊದಲೇ ಕರೆಂಟು ಹೋಯಿತು. ಮೈಕು ಸತ್ತಿತು, ದೀಪಗಳು ಆರಿದವು, ಮೇಲಿನ ಕಿಟಕಿಗಳಿಂದ ಮಳೆಗಾಲದ ಮಂಕು ಬೆಳಕು ಮಾತ್ರ ಉಳಿಯಿತು. ಹಣೆಯ ಬೆವರು ಬಣ್ಣದ ಜೊತೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು, ಎಡ ಭುಜಕೀರ್ತಿಯ ದಾರ ಸಡಿಲವಾಗಿ ಜಾರುತ್ತಿತ್ತು. ನಾನು ಸುಮ್ಮನೆ ನಿಂತುಬಿಟ್ಟೆ. ಕೆಳಗಿದ್ದ ಹಾರ್ಮೋನಿಯಂ ಮೇಷ್ಟ್ರು ತಿದಿ ಒತ್ತುವುದನ್ನು ನಿಲ್ಲಿಸದೆ ತಲೆ ಮಾತ್ರ ಮೇಲೆತ್ತಿ, "ಯಾಕ್ ಸಾ ನಿಂತ್ರಿ? ಹಾಡಿ. ಕರೆಂಟ್ ನೆಚ್ಕಂಡು ಕಟ್ಟಿದ್ ಹಾಲಲ್ಲ ಇದು" ಎಂದರು.

ಅವರಿಗೆ ಗೊತ್ತಿದ್ದು ಹೇಳಿದರೋ ಬಾಯಿಗೆ ಬಂದದ್ದು ಹೇಳಿದರೋ ತಿಳಿಯದು, ಮಾತು ಮಾತ್ರ ಅಕ್ಷರಶಃ ಸತ್ಯ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದೇ 1902ರಲ್ಲಿ, ಪುರಭವನ ಅದಕ್ಕಿಂತ 18 ವರ್ಷ ಹಿರಿಯದು. ನಾನು ಹಾಡಿದೆ. ನನ್ನ ಧ್ವನಿ ಅಷ್ಟು ದೊಡ್ಡದಲ್ಲ. ಆದರೂ ಆ ಗೋಡೆಗಳು ಅದನ್ನು ಎತ್ತಿಕೊಂಡು ಹೋಗುತ್ತಿದ್ದುದು ನನಗೇ ತಿಳಿಯುತ್ತಿತ್ತು. ಸಾಲಿನ ಕೊನೆಯ ಅಕ್ಷರ ನನ್ನ ಬಾಯಿ ಬಿಟ್ಟ ಮೇಲೆಯೂ ಅರೆಗಳಿಗೆ ಅಲ್ಲಿಯೇ ನಿಂತಿರುತ್ತಿತ್ತು. ಸುಮಾರು ಹತ್ತು ನಿಮಿಷ ಕರೆಂಟು ಬರಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಕಿವಿ ಮಂದವಾದ ನಮ್ಮ ಸೋದರಮಾವ, ಎಲೆಅಡಿಕೆ ಉಗುಳಲು ಅನುಕೂಲವೆಂದು ಯಾವಾಗಲೂ ಬಾಗಿಲ ಬಳಿಯ ಕೊನೆಯ ಸಾಲಿನಲ್ಲಿ ಕೂರುವವರು, ಊರಿಗೆ ಹಿಂದಿರುಗುವಾಗ ಬನ್ನೂರು ದಾಟಿದ ಮೇಲೆ, "ಮೈಕ್ ಇಲ್ದಿದ್ದಾಗ್ಲೇ ಚೆಂದಾಗ್ ಕೇಳಿಸ್ತು ಕಣ್ಲಾ" ಎಂದರು. ಹದಿನಾರು ವರ್ಷವಾಯಿತು. ಅವರು ಈಗಿಲ್ಲ.

ಈ ಹತ್ತು ನಿಮಿಷವನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರವಾಸಿಗೆ ತೋರಿಸುತ್ತೀರಿ? ಆ ಭವನದ ದೊಡ್ಡ ಗುಣ ಕಣ್ಣಿಗೆ ಕಾಣುವಂಥದ್ದಲ್ಲ. ಅದು ಮಾತಿಗಾಗಿ ಕಟ್ಟಿದ ಮನೆ. ಖಾಲಿ ಇರುವಾಗ ಅದನ್ನು ನೋಡಲು ಹೋಗುವುದು ಪೆಟ್ಟಿಗೆಯೊಳಗಿನ ಹಾರ್ಮೋನಿಯಂ ನೋಡಿ ಬಂದಂತೆ.

ರಂಗಾಚಾರ್ಲು ಅವರ ಹೆಸರನ್ನು ಪರವಾದಿಗಳು ಹೇಳಿಯೇ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅವರು ಪ್ರಜಾಪ್ರತಿನಿಧಿ ಸಭೆ ಕರೆದದ್ದು ತಾಲ್ಲೂಕುಗಳ ಜನ ಬಂದು ಅರಮನೆ ನೋಡಿ ಹೋಗಲಿ ಎಂದಲ್ಲ, ಬಂದು ಮಾತಾಡಲಿ ಎಂದು. ಅಂಥವರ ಹೆಸರಿನ ಭವನದಲ್ಲಿ ಇವತ್ತಿಗೂ ತಾಲ್ಲೂಕುಗಳ ಜನ ಬಂದು ಗಂಟಲು ಬಿಚ್ಚಿ ಹಾಡುತ್ತಾರೆ, ಮಾತಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಮುಂದಿನ ಮೆಟ್ಟಿಲುಗಳ ಮೇಲೆ ಧರಣಿಗಳು ನಡೆದಿವೆ. ಆವರಣದಲ್ಲಿರುವ ಅಂಬೇಡ್ಕರ್ ಪ್ರತಿಮೆಯ ಮುಂದೆ ಏಪ್ರಿಲ್ 14ರಂದೂ ಡಿಸೆಂಬರ್ 6ರಂದೂ ಸೇರುವ ಜನರಿಗೆ ಯಾರೂ ಆ ಜಾಗವನ್ನು ಪ್ರವಾಸಿ ತಾಣವೆಂದು ಪರಿಚಯಿಸಬೇಕಾಗಿಲ್ಲ. ಪುರಭವನ ಎಂಬ ಹೆಸರಿನಲ್ಲಿಯೇ ಎಲ್ಲವೂ ಇದೆ. ಅರಮನೆ ಅರಸರದು, ಆದ್ದರಿಂದ ನಾವು ಅಲ್ಲಿ ಚಪ್ಪಲಿ ಬಿಟ್ಟು, ಹಗ್ಗದ ಆಚೆ ನಿಂತು, ದರ್ಬಾರ್ ಹಾಲನ್ನು ನೋಡಿ ಮುಂದೆ ಸರಿಯುತ್ತೇವೆ. ಯಾರೂ ಕೂರುವುದಿಲ್ಲ, ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಕಾವಲಿನವರ ಸೀಟಿ. ಪುರಭವನ ಪುರದವರದು. ಅಲ್ಲಿ ನಮ್ಮ ತಾಯಿ ಮೂರನೆಯ ಸಾಲಿನಲ್ಲಿ ಕಾಲು ಮಡಿಸಿ ಕೂತು ಬುತ್ತಿ ಬಿಚ್ಚಿ ಉಂಡಿದ್ದಾರೆ.

ಪ್ರವಾಸಿಗರು ಬಂದರೆ ಕಟ್ಟಡ ಉಳಿಯುತ್ತದೆ ಎಂಬ ವಾದವೊಂದಿದೆ. ದೇವರಾಜ ಮಾರುಕಟ್ಟೆಗೆ ಪ್ರವಾಸಿಗರು ಕಡಿಮೆ ಬರುತ್ತಿದ್ದರೇನು? ಹೂವಿನ ಸಾಲು, ಕುಂಕುಮದ ರಾಶಿ, ನಂಜನಗೂಡು ರಸಬಾಳೆಯ ಗೊನೆಗಳ ಮುಂದೆ ಕ್ಯಾಮರಾ ಹಿಡಿದ ಪರದೇಶಿಯರಿಲ್ಲದ ದಿನವನ್ನು ನಾನು ಕಂಡಿಲ್ಲ. ಅಷ್ಟು ಕ್ಯಾಮರಾಗಳ ಕಣ್ಣೆದುರಿನಲ್ಲಿಯೇ ಅದರ ಹೆಬ್ಬಾಗಿಲು ಬಿತ್ತು. ಕಟ್ಟಡ ನಿಲ್ಲುವುದು ಗಾರೆ ಕೆಲಸದವನಿಂದ, ಮಳೆಗಾಲಕ್ಕೆ ಮುಂಚೆ ಚಾವಣಿ ಹತ್ತಿ ನೀರಿನ ದಾರಿ ಬಿಡಿಸುವವನಿಂದ. ಅವನಿಗೆ ಎಲ್ಲಿಂದ ಸಂಬಳ ಕೊಡಬೇಕೆಂಬುದು ಕೊಡಬೇಕಾದವರ ಚಿಂತೆ. ನನಗೆ ಹಣಕಾಸಿನ ವಿಷಯ ಅಷ್ಟಾಗಿ ಗೊತ್ತಿಲ್ಲ.

ಕಾರ್ಯಕ್ರಮವಿಲ್ಲದ ದಿನ ತೋರಿಸಿದರೆ ನಿಮಗೇನು ನಷ್ಟ ಎಂದು ಕೇಳಿಯಾರು. ಇಂಥ ಏರ್ಪಾಡುಗಳು ಹೇಗೆ ಬೆಳೆಯುತ್ತವೆಂಬುದನ್ನು ನಾವು ಕಂಡಿದ್ದೇವೆ. ಮೊದಲ ವರ್ಷ ಕಾರ್ಯಕ್ರಮವಿಲ್ಲದ ದಿನ ಪ್ರವಾಸಿ. ಎರಡನೆಯ ವರ್ಷ, ಭಾನುವಾರ ಪ್ರವಾಸಿಗರು ಹೆಚ್ಚಾದ್ದರಿಂದ ಭಾನುವಾರ ಕಾರ್ಯಕ್ರಮಕ್ಕೆ ಕೊಡುವುದಿಲ್ಲ. ನಮಗೋ ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲ. ಕಂಡಕ್ಟರ್ ದುರ್ಯೋಧನನಿಗೆ ಬುಧವಾರ ರಜೆ ಯಾರು ಕೊಡುತ್ತಾರೆ? ಮೂರನೆಯ ವರ್ಷ, ಸೀನರಿಯ ಮೊಳೆ ಹೊಡೆದರೆ ಪಾರಂಪರಿಕ ಮರಕ್ಕೆ ಹಾನಿ, ಬಣ್ಣ ಹಚ್ಚಿದರೆ ಗೋಡೆಗೆ ಕಲೆ, ಗದೆ ಬಿದ್ದರೆ ನೆಲ ಒಡೆದೀತು. ನಾಲ್ಕನೆಯ ವರ್ಷ ನಮಗೆ ಯಾವುದೋ ಬಡಾವಣೆಯ ಹೊಸ ಭವನ ತೋರಿಸುತ್ತಾರೆ. ಅಲ್ಲಿ ಎಸಿ ಇರುತ್ತದೆ, ಮೆತ್ತನೆಯ ಕುರ್ಚಿ ಇರುತ್ತದೆ, ಊರಿಂದ ಬಂದ ಬಸ್ಸು ಇಳಿಸಿದ ಜಾಗದಿಂದ ಅಲ್ಲಿಗೆ ಆಟೋಗೆ ಇನ್ನೂರು ರೂಪಾಯಿ ಇರುತ್ತದೆ. ಪುರಭವನವಾದರೆ ನಗರ ಬಸ್ ನಿಲ್ದಾಣದಿಂದ ಕಿರೀಟದ ಪೆಟ್ಟಿಗೆ ಹೊತ್ತುಕೊಂಡೇ ನಡೆದು ಹೋಗಬಹುದು.

ದೊಡ್ಡ ಗಡಿಯಾರದ ವಿಷಯವನ್ನೂ ಹೇಳಿಬಿಡುತ್ತೇನೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಅರಮನೆಯ ನೌಕರರು ಹಣ ಕೂಡಿಸಿ ಕಟ್ಟಿಸಿದ ಗೋಪುರ ಅದು. ಅದರ ಅಂಕಿಗಳು ಕನ್ನಡದಲ್ಲಿವೆ. ನಾಟಕದ ನಡುವೆ ಬಿಡುವು ಸಿಕ್ಕಾಗ ಬಣ್ಣದ ಮುಖದಲ್ಲಿಯೇ ಹೊರಗೆ ಬಂದು ನಿಲ್ಲುವುದು ನನ್ನ ಅಭ್ಯಾಸ. ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ನೂರಾರು ಜನ. ಗಂಟೆ ಎಷ್ಟೆಂದು ತಿಳಿಯಲು ಅವರೆಲ್ಲ ನೋಡುವುದು ಕೈಯಲ್ಲಿರುವ ಫೋನನ್ನು. ಒಮ್ಮೆ ಉತ್ತರದ ಕಡೆಯ ಯುವಕರ ಗುಂಪೊಂದು ಕರ್ಣನ ವೇಷದಲ್ಲಿದ್ದ ನನ್ನನ್ನೂ ಎಳೆದು ನಿಲ್ಲಿಸಿಕೊಂಡು ಎಂಟು ಹತ್ತು ಸೆಲ್ಫಿ ತೆಗೆದುಕೊಂಡಿತು. ಅವರಲ್ಲಿ ಒಬ್ಬ ಇಪ್ಪತ್ತು ರೂಪಾಯಿ ಕೈಗಿಡಲು ಬಂದ. ಕರ್ಣನ ಕೈಗೆ! ನಾನು ಒಳಗೆ ನಾಟಕ ನಡೆಯುತ್ತಿದೆ, ದುಡ್ಡು ಬೇಡ, ಬನ್ನಿ ಕೂರಿ ಎಂದು ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಇಬ್ಬರು ಬಂದು ಕೂತರು. ದ್ರೌಪದಿಯ ಹಾಡು ಮುಗಿಯುವವರೆಗೂ ಇದ್ದರು, ಭಾಷೆ ಅರ್ಥವಾಗದಿದ್ದರೂ ಒನ್ಸ್ ಮೋರ್ ಎಂದು ಕೂಗಿದರು. ಆ ಇಬ್ಬರ ಬಗ್ಗೆ ನನ್ನ ತಕರಾರಿಲ್ಲ. ಅಂಥ ಪ್ರವಾಸಿಗರು ಎಷ್ಟು ಬೇಕಾದರೂ ಬರಲಿ, ಬಾಗಿಲು ಈಗಲೂ ತೆರೆದೇ ಇದೆ.

ದಸರೆ ಕಳೆದ ಮೇಲೆ ನಮ್ಮ ಊರಿನವರು ಮತ್ತೆ ಕುರುಕ್ಷೇತ್ರ ಕಟ್ಟುತ್ತಿದ್ದಾರೆ. ತಾಲೀಮು ಶುರುವಾಗಿ ಒಂದು ತಿಂಗಳಾಯಿತು. ನನಗೆ ಈಗ ಮೊಣಕಾಲು ನೋವು, ಕರ್ಣನನ್ನು ಪಂಚಾಯಿತಿಯ ನೀರುಗಂಟಿಗೆ ಬಿಟ್ಟುಕೊಟ್ಟು ಭೀಷ್ಮನ ಪಾತ್ರ ಹಿಡಿದಿದ್ದೇನೆ. ಶಕುನಿಗೆ ಮಾತ್ರ ಇನ್ನೂ ಯಾರೂ ಹಣ ಕಟ್ಟಿಲ್ಲ.